ಮನೆ ಜೆರ್ಸಿಯಲ್ಲಿ, ಕೆಲಸ ನ್ಯೂಯಾರ್ಕಿನಲ್ಲಿ: ತೆರಿಗೆ ಯಾರಿಗೆ?

ಜನವರಿ ಮುಗಿಯುವುದರೊಳಗೆ ಅಮೆರಿಕದ ಕಂಪನಿಗಳು ತಮ್ಮ ನೌಕರರಿಗೆಲ್ಲ ಡಬ್ಲ್ಯು-2 ಎಂಬ ಹಾಳೆಯೊಂದನ್ನು ಕೊಡಬೇಕು. ನಮ್ಮ ಫಾರಂ 16 ಇದ್ದ ಹಾಗೆ: ವರ್ಷಕ್ಕೆ ಸಂಬಳ ಎಷ್ಟಾಯಿತು, ತೆರಿಗೆ ಎಂದು ಎಷ್ಟು ಮುರಿದುಕೊಂಡರು ಅನ್ನುವ ಲೆಕ್ಕ. ನ್ಯೂಜೆರ್ಸಿ ರಾಜ್ಯದ ಎಡಿಸನ್ನಿನಲ್ಲಿ ಮನೆ ಮಾಡಿಕೊಂಡು ದಿನಾ ರೈಲು ಹತ್ತಿ ನ್ಯೂಯಾರ್ಕ್ ನಗರದ ಮ್ಯಾನ್‌ಹಟನ್ನಿಗೆ ಹೋಗಿಬರುವ ಕನ್ನಡದ ಹುಡುಗ ಮೊದಲ ಸಲ ಆ ಹಾಳೆ ಕೈಗೆ ಬಂದಾಗ ತಬ್ಬಿಬ್ಬಾಗುವುದು ಅದರ ತಳದ ಸಾಲಿನಲ್ಲಿ. ವಿಳಾಸ ನ್ಯೂಜೆರ್ಸಿಯದು, ರಾಜ್ಯದ ತೆರಿಗೆ ಹೋಗಿರುವುದು ನ್ಯೂಯಾರ್ಕಿಗೆ. ಕಂಪನಿಯವರು ಎಡವಟ್ಟು ಮಾಡಿದರೇ? ನ್ಯೂಜೆರ್ಸಿಗೆ ಇನ್ನೊಂದು ಸಲ ಕಟ್ಟಬೇಕೇ? ಅಲ್ಲಿಂದ ಶುರು ಫೋನುಗಳು, ಹತ್ತು ಜನರನ್ನು ಕೇಳಿ ಹನ್ನೊಂದು ಉತ್ತರ.

ಕಂಪನಿಯವರು ತಪ್ಪು ಮಾಡಿಲ್ಲ. ನ್ಯೂಜೆರ್ಸಿಗೂ ಲೆಕ್ಕ ಒಪ್ಪಿಸಬೇಕು, ಆದರೆ ಹೆಚ್ಚಿನ ಸಲ ದುಡ್ಡು ಕಟ್ಟಬೇಕಾಗಿ ಬರುವುದಿಲ್ಲ. ಅದು ಹೇಗೆ ಅನ್ನುವುದಕ್ಕೆ ಸ್ವಲ್ಪ ಬುಡದಿಂದ ಬರಬೇಕು.

ಹೊಸೂರಿನವರಿಗಿಲ್ಲದ ತಾಪತ್ರಯ

ಹೊಸೂರಿನಲ್ಲಿ ಮನೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಇರುವವರು ನಮ್ಮಲ್ಲಿ ಎಷ್ಟೋ ಮಂದಿ. ಅತ್ತಿಬೆಲೆ ದಾಟಿ ದಿನಕ್ಕೆರಡು ಸಲ ರಾಜ್ಯ ಬದಲಿಸುತ್ತಾರೆ. ಆದಾಯ ತೆರಿಗೆಯವರಿಗೆ ಅದು ಲೆಕ್ಕಕ್ಕೇ ಇಲ್ಲ. ಕೃಷಿಯಲ್ಲದ ಆದಾಯದ ಮೇಲೆ ತೆರಿಗೆ ಹಾಕುವ ಅಧಿಕಾರ ನಮ್ಮ ಸಂವಿಧಾನದಲ್ಲಿ ಕೇಂದ್ರಕ್ಕೆ ಮಾತ್ರ. ಸಂಬಳದಿಂದ ರಾಜ್ಯಕ್ಕೆ ನೇರವಾಗಿ ಸಿಗುವುದು ವೃತ್ತಿ ತೆರಿಗೆ, ಅದೂ ವರ್ಷಕ್ಕೆ 2,500 ರೂಪಾಯಿ ದಾಟುವಂತಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ವಾಷಿಂಗ್ಟನ್ನಿನ ಕೇಂದ್ರ ಸರ್ಕಾರ ಒಂದು ಆದಾಯ ತೆರಿಗೆ ತೆಗೆದುಕೊಳ್ಳುತ್ತದೆ, ಅದಕ್ಕೆ ಫೆಡರಲ್ ಟ್ಯಾಕ್ಸ್ ಎನ್ನುತ್ತಾರೆ. ಅದರ ಮೇಲೆ ರಾಜ್ಯ ಬೇರೆಯಾಗಿ ತನ್ನದನ್ನು ಕೇಳುತ್ತದೆ. ವಿಸ್ಕಾನ್ಸಿನ್ 1911ರಲ್ಲಿ ಇದನ್ನು ಗಟ್ಟಿಯಾಗಿ ಜಾರಿಗೆ ತಂದಿತು, ನ್ಯೂಯಾರ್ಕ್ 1919ರಲ್ಲಿ, ನ್ಯೂಜೆರ್ಸಿ ತೀರಾ ತಡವಾಗಿ 1976ರಲ್ಲಿ. ಟೆಕ್ಸಾಸ್, ಫ್ಲಾರಿಡಾ, ನೆವಾಡಾದಂಥ ಕೆಲವು ರಾಜ್ಯಗಳು ಸಂಬಳದ ಮೇಲೆ ತೆರಿಗೆಯನ್ನೇ ಹಾಕುವುದಿಲ್ಲ. ಪೆನ್ಸಿಲ್ವೇನಿಯಾದಲ್ಲಿ ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ದರ, ಶೇ. 3.07. ನ್ಯೂಜೆರ್ಸಿಯಲ್ಲಿ ಶೇ. 1.4ರಿಂದ ಮೆಟ್ಟಿಲು ಹತ್ತುತ್ತಾ ಶೇ. 10.75ರವರೆಗೆ ಹೋಗುತ್ತದೆ. ಒಂದೊಂದು ರಾಜ್ಯಕ್ಕೂ ಅದರದೇ ಕಾನೂನು, ಅದರದೇ ಫಾರಂ.

ಇಬ್ಬರಿಗೂ ಹಕ್ಕು ಬಂದದ್ದು

ನಿಮ್ಮ ಸಂಬಳದ ಮೇಲೆ ಎರಡು ರಾಜ್ಯ ಕೈ ಚಾಚುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿವೆ. ಇದೊಂದು ತಲೆಗೆ ಹೋದರೆ ಅರ್ಧ ಕೆಲಸ ಆದಂತೆ.

ಮನೆಯಿರುವ ರಾಜ್ಯ ಹೇಳುತ್ತದೆ: ನೀನು ನನ್ನವನು. ನಿನ್ನ ಮಕ್ಕಳು ನಮ್ಮ ಶಾಲೆಗೆ ಬರುತ್ತವೆ, ನಿನ್ನ ಬೀದಿ ನಾವು ಕಾಯುತ್ತೇವೆ. ಆದ್ದರಿಂದ ನೀನು ಲೋಕದಲ್ಲಿ ಎಲ್ಲಿ ದುಡಿದರೂ ಅದರ ಲೆಕ್ಕ ನನಗೆ ಕೊಡು. ಹೀಗೆ ವಾಸವಿರುವವರನ್ನು ರೆಸಿಡೆಂಟ್ ಎನ್ನುತ್ತಾರೆ. ಕೆಲಸವಿರುವ ರಾಜ್ಯದ ಮಾತು ಬೇರೆ: ನೀನು ಎಲ್ಲಿಯವನಾದರೂ ಆಗಿರು, ಈ ದುಡ್ಡು ಹುಟ್ಟಿದ್ದು ನನ್ನ ನೆಲದಲ್ಲಿ. ನನ್ನ ನೆಲದಲ್ಲಿ ಹುಟ್ಟಿದ್ದಷ್ಟಕ್ಕೆ ಕಟ್ಟು. ಅದರ ಕಣ್ಣಿಗೆ ನೀವು ನಾನ್‌ರೆಸಿಡೆಂಟ್.

ಹೊರಗಿನವರಿಂದ ಹೀಗೆ ವಸೂಲಿ ಮಾಡಬಹುದೇ ಎಂಬ ಜಗಳ ನೂರು ವರ್ಷದ ಹಿಂದೆಯೇ ಅಮೆರಿಕದ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತ್ತು. ಶಿಕಾಗೋದಲ್ಲಿ ಮನೆಯಿದ್ದು ಓಕ್ಲಹೋಮದಲ್ಲಿ ಎಣ್ಣೆ ಬಾವಿಗಳಿದ್ದ ಶಾಫರ್ ಎಂಬಾತ, ನನ್ನ ಆದಾಯಕ್ಕೂ ಓಕ್ಲಹೋಮಕ್ಕೂ ಏನು ಸಂಬಂಧ ಎಂದು ದಾವೆ ಹೂಡಿದ್ದ. 1920ರಲ್ಲಿ ಕೋರ್ಟು ರಾಜ್ಯದ ಪರ ತೀರ್ಪು ಕೊಟ್ಟಿತು. ಅವತ್ತಿನ ಎಣ್ಣೆ ಬಾವಿಗೆ ಅನ್ವಯಿಸಿದ ಮಾತೇ ಇವತ್ತು ಲ್ಯಾಪ್‌ಟಾಪ್ ಹಿಡಿದು ರೈಲಿಳಿಯುವವನಿಗೂ ಅನ್ವಯ.

ವೀಸಾ ಯಾವುದು ಎಂಬುದರಿಂದ ಈ ರೆಸಿಡೆಂಟ್ ಪಟ್ಟ ತೀರ್ಮಾನವಾಗುವುದಿಲ್ಲ. ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ರಾಜ್ಯ ನೋಡುವುದು ನೆಲೆಯನ್ನು. ನೆಲೆ ಅಂದರೆ ಎಲ್ಲಿಗೆ ಹೋದರೂ ಕೊನೆಗೆ ವಾಪಸು ಬರುವ ಮನೆ. ಇದರ ಜೊತೆಗೆ ದಿನದ ಎಣಿಕೆಯೂ ಉಂಟು: ನ್ಯೂಯಾರ್ಕಿನಲ್ಲಿ ವರ್ಷವಿಡೀ ವಾಸಕ್ಕೆಂದು ಒಂದು ಜಾಗ ಇಟ್ಟುಕೊಂಡು, 183ಕ್ಕಿಂತ ಹೆಚ್ಚು ದಿನ ಆ ರಾಜ್ಯದಲ್ಲಿ ಕಳೆದರೆ, ನಿಮ್ಮ ನೆಲೆ ಜೆರ್ಸಿಯಾದರೂ ನ್ಯೂಯಾರ್ಕ್ ನಿಮ್ಮನ್ನು ರೆಸಿಡೆಂಟ್ ಎಂದೇ ಲೆಕ್ಕ ಹಿಡಿಯುತ್ತದೆ. ದಿನದಲ್ಲಿ ನಾಲ್ಕು ಗಂಟೆ ಇದ್ದರೂ ಅದು ಒಂದು ದಿನ. ಓಡಾಟ ಸಾಕಾಯಿತೆಂದು ವಾರದ ನಡುವೆ ಉಳಿಯಲು ನ್ಯೂಯಾರ್ಕ್ ನಗರದ ಕ್ವೀನ್ಸಿನಲ್ಲಿ ಒಂದು ಚಿಕ್ಕ ಬಾಡಿಗೆ ಮನೆ ಮಾಡಿಕೊಳ್ಳುವ ಆಲೋಚನೆ ಇದ್ದವರು ಇದನ್ನು ಮೊದಲೇ ತಿಳಿದಿರಬೇಕು.

ರಸೀದಿ ತೋರಿಸಿ ದಾಟುವ ಗೇಟು

ಹಾಗಾದರೆ ಒಂದೇ ಸಂಬಳಕ್ಕೆ ಎರಡು ಸಲ ಕಟ್ಟಬೇಕೇ? ಇಲ್ಲ. ಮನೆಯಿರುವ ರಾಜ್ಯ ನೀವು ಬೇರೆ ರಾಜ್ಯಕ್ಕೆ ಕಟ್ಟಿದ ತೆರಿಗೆಯನ್ನು ತನ್ನ ಪಾಲಿನಿಂದ ವಜಾ ಮಾಡಿಕೊಳ್ಳುತ್ತದೆ. ಇದಕ್ಕೆ ಕ್ರೆಡಿಟ್ ಎಂದು ಹೆಸರು.

ಒಂದು ದಾರಿಯಲ್ಲಿ ಎರಡು ಟೋಲ್ ಗೇಟಿದೆ ಎಂದುಕೊಳ್ಳಿ. ಮೊದಲ ಗೇಟಿನಲ್ಲಿ 60 ರೂಪಾಯಿ ಕೊಟ್ಟು ರಸೀದಿ ತೆಗೆದುಕೊಂಡಿರಿ. ಎರಡನೆಯ ಗೇಟಿನ ದರ 45. ರಸೀದಿ ತೋರಿಸಿದರೆ ಅವನು ಏನೂ ಕೇಳದೆ ಬಿಡುತ್ತಾನೆ. ಆದರೆ ಹೆಚ್ಚಿಗೆ ಕೊಟ್ಟ 15 ರೂಪಾಯಿಯನ್ನು ವಾಪಸು ಕೊಡುವುದಿಲ್ಲ. ಅದೇ ಮೊದಲನೆಯದು 45, ಎರಡನೆಯದು 60 ಆಗಿದ್ದರೆ ಉಳಿದ 15ನ್ನು ಎಣಿಸಬೇಕು. ಎರಡರಲ್ಲೂ ನಿಮ್ಮ ಜೇಬಿನಿಂದ ಹೋಗುವುದು 60.

ಡಾಲರಿನಲ್ಲಿ ಹೇಳುವುದಾದರೆ, ಮಂಜುನಾಥ ಎಂಬ ಒಬ್ಬಂಟಿ ಹುಡುಗನಿಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ಸಂಬಳ, ಪೂರ್ತಿ ಮ್ಯಾನ್‌ಹಟನ್ನಿನಲ್ಲಿ ದುಡಿದದ್ದು ಅನ್ನೋಣ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ಗುಂಡಗೆ ಮಾಡಿದ್ದೇನೆ. ನ್ಯೂಯಾರ್ಕಿನ ತೆರಿಗೆ 5,000, ಅದೇ ಸಂಬಳಕ್ಕೆ ನ್ಯೂಜೆರ್ಸಿಯ ತೆರಿಗೆ 4,200 ಆದರೆ, ಮಂಜುನಾಥ ನ್ಯೂಯಾರ್ಕಿಗೆ 5,000 ಕಟ್ಟುತ್ತಾನೆ, ನ್ಯೂಜೆರ್ಸಿಗೆ ಸೊನ್ನೆ. ಮಿಕ್ಕ 800 ಹೋದಂತೆಯೇ. ಮನೆ ನ್ಯೂಯಾರ್ಕ್ ರಾಜ್ಯದಲ್ಲಿ, ಕೆಲಸ ಜೆರ್ಸಿಯಲ್ಲಿ ಇದ್ದಿದ್ದರೆ ಜೆರ್ಸಿಗೆ 4,200, ನ್ಯೂಯಾರ್ಕಿಗೆ 800. ಒಟ್ಟು ಅದೇ 5,000. ಯಾವ ರಾಜ್ಯದ ದರ ಜಾಸ್ತಿಯೋ ಅದರ ಮಟ್ಟಕ್ಕೆ ಒಟ್ಟು ತೆರಿಗೆ ಹೋಗಿ ನಿಲ್ಲುತ್ತದೆ.

ಜೆರ್ಸಿಯಲ್ಲಿದ್ದು ಹೋಗಿಬರುವವನಿಗೆ ಒಂದು ಲಾಭ ಮಾತ್ರ ಖಂಡಿತ ಇದೆ. ನ್ಯೂಯಾರ್ಕ್ ನಗರದೊಳಗೆ ಮನೆ ಇರುವವರು ರಾಜ್ಯದ್ದಲ್ಲದೆ ನಗರದ್ದೇ ಆದ ಆದಾಯ ತೆರಿಗೆಯನ್ನೂ, ಶೇ. 3ಕ್ಕಿಂತ ಸ್ವಲ್ಪ ಮೇಲೆ, ಕೊಡಬೇಕು. ಹೊರಗಿನಿಂದ ಬರುವವರ ಮೇಲೂ ಮೊದಲು ಒಂದು ಸಣ್ಣ ತೆರಿಗೆ ಇತ್ತು. 1999ರಲ್ಲಿ ಅದನ್ನು ತೆಗೆದುಹಾಕಿದರು.

ಕ್ರೆಡಿಟ್ ಕೊಡುವುದು ರಾಜ್ಯದ ಔದಾರ್ಯ ಎಂದು ಬಹಳ ಕಾಲ ನಂಬಿದ್ದರು. 2015ರಲ್ಲಿ ವಿನ್ ದಂಪತಿಗಳ ಮೊಕದ್ದಮೆಯಲ್ಲಿ ಅದು ತಿರುಗಿಬಿತ್ತು. ಮೇರಿಲ್ಯಾಂಡ್ ತನ್ನ ರಾಜ್ಯ ತೆರಿಗೆಗೆ ಕ್ರೆಡಿಟ್ ಕೊಟ್ಟು, ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥದ್ದರ, ಪಾಲಿಗೆ ಮಾತ್ರ ಕೊಡುತ್ತಿರಲಿಲ್ಲ. ರಾಜ್ಯ ದಾಟಿ ದುಡಿದವನಿಗೆ ಒಂದೇ ರಾಜ್ಯದೊಳಗೆ ದುಡಿದವನಿಗಿಂತ ಹೆಚ್ಚು ಹೊರೆ ಬೀಳುವಂತೆ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 5–4ರ ಬಹುಮತದಲ್ಲಿ ಹೇಳಿತು.

ಗಂಡ ಹೆಂಡಿರ ಜಂಟಿ ಲೆಕ್ಕ

ಮದುವೆಯಾದವರ ವಿಷಯದಲ್ಲಿ ಲೆಕ್ಕ ಸ್ವಲ್ಪ ಸಿಕ್ಕಾಗುತ್ತದೆ, ಹೆಚ್ಚು ಜನ ತಪ್ಪುವುದೂ ಇಲ್ಲೇ. ಗಂಡ ನ್ಯೂಯಾರ್ಕಿನಲ್ಲಿ ಒಂದು ಲಕ್ಷ, ಹೆಂಡತಿ ಜೆರ್ಸಿಯಲ್ಲೇ ಒಂದು ಲಕ್ಷ ದುಡಿಯುತ್ತಾರೆ. ಇಬ್ಬರೂ ಸೇರಿ ಒಂದೇ ರಿಟರ್ನ್ ಸಲ್ಲಿಸುತ್ತಾರೆ ಅನ್ನಿ.

ನ್ಯೂಯಾರ್ಕ್ ಹೆಂಡತಿಯ ಸಂಬಳಕ್ಕೆ ತೆರಿಗೆ ಹಾಕುವಂತಿಲ್ಲ. ಆದರೆ ಅದನ್ನು ನೋಡುತ್ತದೆ. ಎರಡು ಲಕ್ಷವೂ ನ್ಯೂಯಾರ್ಕಿನದೇ ಆಗಿದ್ದರೆ ತೆರಿಗೆ ಎಷ್ಟಾಗುತ್ತಿತ್ತು ಎಂದು ಮೊದಲು ಲೆಕ್ಕ ಹಾಕಿ, ಅದರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಪಾಲನ್ನು, ಇಲ್ಲಿ ಅರ್ಧವನ್ನು, ತೆಗೆದುಕೊಳ್ಳುತ್ತದೆ. ಪೂರ್ತಿ 10,000 ಆದರೆ ಇವರು ಕೊಡುವುದು 5,000. ಹೆಂಡತಿಯ ಸಂಬಳ ಏರಿದರೆ ಗಂಡನ ಸಂಬಳ ಮೇಲಿನ ಮೆಟ್ಟಿಲಿನ ದರಕ್ಕೆ ಸಿಕ್ಕಿಕೊಳ್ಳುತ್ತದೆ.

ಈಗ ಜೆರ್ಸಿ. ಎರಡು ಲಕ್ಷಕ್ಕೆ ಅದರ ತೆರಿಗೆ 9,000 ಎಂದಿಟ್ಟುಕೊಂಡರೆ, ನ್ಯೂಯಾರ್ಕಿಗೆ ಕಟ್ಟಿದ 5,000ವನ್ನು ಪೂರ್ತಿ ಕಳೆದು 4,000 ಕಟ್ಟಿದರಾಯಿತು ಅನ್ನಿಸುತ್ತದೆ. ಹಾಗೆ ಮಾಡಿದರೆ ನೋಟಿಸ್ ಬರುತ್ತದೆ. ಜೆರ್ಸಿಯ ತೆರಿಗೆಯಲ್ಲಿ ನ್ಯೂಯಾರ್ಕಿನ ಸಂಬಳಕ್ಕೆ ಬೀಳುವ ಪಾಲು ಎಷ್ಟೋ ಅಷ್ಟೇ ಕ್ರೆಡಿಟ್ಟಿನ ಮಿತಿ: 9,000ದ ಅರ್ಧ, ಅಂದರೆ 4,500. ಹೆಂಡತಿಯ ಸಂಬಳದ ಪಾಲಿನ 4,500 ಜೆರ್ಸಿಗೆ ಸಲ್ಲಲೇಬೇಕು. ಆಕೆಯ ಕಂಪನಿ ಅದನ್ನು ವರ್ಷವಿಡೀ ಮುರಿದುಕೊಂಡಿರುತ್ತದೆ. ಕಡಿಮೆ ಮುರಿದಿದ್ದರೆ ಏಪ್ರಿಲ್‌ನಲ್ಲಿ ಕೈಯಿಂದ ತುಂಬಬೇಕು.

ಯಾವ ಫಾರಂ ಮೊದಲು

ಕ್ರಮ ತಪ್ಪಿದರೆ ಲೆಕ್ಕ ಕೂಡುವುದೇ ಇಲ್ಲ. ಮೊದಲು ಫೆಡರಲ್ ರಿಟರ್ನ್, ಫಾರಂ 1040. ಅದರ ಅಂಕಿಗಳ ಮೇಲೆ ಕೆಲಸದ ರಾಜ್ಯದ ನಾನ್‌ರೆಸಿಡೆಂಟ್ ರಿಟರ್ನ್. ನ್ಯೂಯಾರ್ಕಿನಲ್ಲಿ ಅದು ಐಟಿ-203. ಅಲ್ಲಿ ಬಂದ ತೆರಿಗೆಯ ಮೊತ್ತವನ್ನು ಹಿಡಿದುಕೊಂಡು ಕೊನೆಗೆ ಮನೆಯ ರಾಜ್ಯಕ್ಕೆ: ಎನ್‌ಜೆ-1040, ಅದರ ಜೊತೆ ಕ್ರೆಡಿಟ್ ಲೆಕ್ಕದ ಸಿಒಜೆ ಎಂಬ ಹಾಳೆ. ಮೂರಕ್ಕೂ ಸಾಮಾನ್ಯವಾಗಿ ಏಪ್ರಿಲ್ 15ರ ಗಡುವು.

ಕ್ರೆಡಿಟ್ ಕೇಳುವಾಗ ಬರೆಯಬೇಕಾದ್ದು ರಿಟರ್ನಿನಲ್ಲಿ ಕೊನೆಗೆ ಸಿದ್ಧವಾದ ತೆರಿಗೆ. ಡಬ್ಲ್ಯು-2ರ 17ನೇ ಚೌಕದಲ್ಲಿರುವುದು ಕಂಪನಿ ಅಂದಾಜಿನ ಮೇಲೆ ಮುರಿದುಕೊಂಡ ಮೊತ್ತ. ಅದನ್ನೇ ನಕಲು ಮಾಡುವುದು ಸಾಮಾನ್ಯ ತಪ್ಪು. ಇನ್ನೊಂದು: ರಾಜ್ಯದ ಸಂಬಳ ತೋರಿಸುವ 16ನೇ ಚೌಕದಲ್ಲಿ ನ್ಯೂಯಾರ್ಕಿನ ಎದುರು ಫೆಡರಲ್ ಸಂಬಳದ ಪೂರ್ತಿ ಅಂಕಿಯೇ ಇರುತ್ತದೆ, ನೀವು ಅರ್ಧ ವರ್ಷ ಬೇರೆ ಕಡೆ ದುಡಿದಿದ್ದರೂ ಸಹ. ಆ ರಾಜ್ಯದ ನಿಯಮವೇ ಹಾಗೆ. ದಿನದ ಲೆಕ್ಕದಲ್ಲಿ ಅದನ್ನು ಹಂಚಿ ತೋರಿಸುವ ಕೆಲಸ ನಿಮ್ಮದು.

ಕೈಕುಲುಕಿಕೊಂಡ ರಾಜ್ಯಗಳು

ಕೆಲವು ನೆರೆಹೊರೆಯ ರಾಜ್ಯಗಳು ಈ ಜಂಜಾಟವೇ ಬೇಡವೆಂದು ಒಪ್ಪಂದ ಮಾಡಿಕೊಂಡಿವೆ: ನಿಮ್ಮೂರಿನಿಂದ ಇಲ್ಲಿಗೆ ದುಡಿಯಲು ಬಂದವರ ಸಂಬಳಕ್ಕೆ ನಾವು ತೆರಿಗೆ ಹಾಕುವುದಿಲ್ಲ, ನೀವೂ ಹಾಕಬೇಡಿ. ನ್ಯೂಜೆರ್ಸಿ ಮತ್ತು ಪೆನ್ಸಿಲ್ವೇನಿಯಾ ನಡುವೆ ಇಂಥದ್ದಿದೆ. ಮೇರಿಲ್ಯಾಂಡ್, ವರ್ಜೀನಿಯಾ, ರಾಜಧಾನಿ ವಾಷಿಂಗ್ಟನ್ ಡಿ.ಸಿ. ನಡುವೆಯೂ ಇದೆ. ಡಿ.ಸಿ.ಗೆ ಬೇರೆ ದಾರಿಯೂ ಇಲ್ಲ, ಹೊರಗಿನಿಂದ ಬಂದು ದುಡಿಯುವವರ ಆದಾಯಕ್ಕೆ ತೆರಿಗೆ ಹಾಕಬಾರದೆಂದು 1973ರಲ್ಲಿ ಅಮೆರಿಕದ ಸಂಸತ್ತೇ ಅದರ ಕೈ ಕಟ್ಟಿದೆ. ನ್ಯೂಯಾರ್ಕ್ ಮತ್ತು ನ್ಯೂಜೆರ್ಸಿ ಮಾತ್ರ ಇಂಥ ಒಪ್ಪಂದ ಮಾಡಿಕೊಂಡಿಲ್ಲ.

ಒಪ್ಪಂದ ತಾನಾಗಿ ಕೆಲಸ ಮಾಡುವುದಿಲ್ಲ. ಜೆರ್ಸಿಯಿಂದ ಪೆನ್ಸಿಲ್ವೇನಿಯಾಕ್ಕೆ ಹೋಗುವವರು ಆರ್‌ಇವಿ-419 ಎಂಬ ಫಾರಂ ಅನ್ನು ಕಂಪನಿಗೆ ಕೊಡಬೇಕು, ಅತ್ತಲಿಂದ ಇತ್ತ ಬರುವವರು ಎನ್‌ಜೆ-165 ಕೊಡಬೇಕು. ಕೊಡದಿದ್ದರೆ ಕಂಪನಿ ತನ್ನ ರಾಜ್ಯಕ್ಕೇ ಮುರಿದು ಕಳಿಸುತ್ತಿರುತ್ತದೆ. ವರ್ಷದ ಕೊನೆಗೆ ಮನೆಯ ರಾಜ್ಯ ಅದಕ್ಕೆ ಕ್ರೆಡಿಟ್ ಕೊಡುವುದಿಲ್ಲ, ಅದು ಕಟ್ಟಬೇಕಾದ ತೆರಿಗೆಯೇ ಆಗಿರಲಿಲ್ಲವಲ್ಲ! ಇಲ್ಲಿ ಪೂರ್ತಿ ಕಟ್ಟಿ, ಅಲ್ಲಿಂದ ವಾಪಸು ಬರುವವರೆಗೆ ಕಾಯಬೇಕು. ಫಿಲಡೆಲ್ಫಿಯಾದಲ್ಲಿ ಕೆಲಸವಿದ್ದರೆ ಇನ್ನೊಂದು ಕೊಕ್ಕೆ: ಆ ನಗರ ಹೊರಗಿನವರ ಸಂಬಳದ ಮೇಲೂ ಶೇ. 3.4ರ ಆಸುಪಾಸಿನಲ್ಲಿ ತನ್ನದೇ ತೆರಿಗೆ ಹಾಕುತ್ತದೆ, ಒಪ್ಪಂದ ಅದನ್ನು ತಡೆಯುವುದಿಲ್ಲ. ಪುಣ್ಯಕ್ಕೆ ಅದಕ್ಕೆ ಜೆರ್ಸಿಯಲ್ಲಿ ಕ್ರೆಡಿಟ್ ಉಂಟು.

ತೆರಿಗೆಯಿಲ್ಲದ ರಾಜ್ಯದಲ್ಲಿ ಮನೆ ಮಾಡಿದರೆ

ಪೋರ್ಟ್‌ಲ್ಯಾಂಡ್ ಇರುವುದು ಆರೆಗನ್ನಿನಲ್ಲಿ; ಕೊಲಂಬಿಯಾ ನದಿ ದಾಟಿದರೆ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್. ಆರೆಗನ್ನಿನಲ್ಲಿ ಆದಾಯ ತೆರಿಗೆ ಗಟ್ಟಿಯಾಗಿದೆ, ಆಚೆ ದಡದಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ. ಆಚೆ ದಡದಲ್ಲಿ ಮನೆ ಮಾಡಿ ಈಚೆ ಬಂದು ದುಡಿದರೆ? ಆರೆಗನ್ನಿನ ನೆಲದಲ್ಲಿ ದುಡಿದ ಸಂಬಳಕ್ಕೆ ಆರೆಗನ್ ತೆರಿಗೆ ತೆಗೆದುಕೊಳ್ಳುತ್ತದೆ. ಮನೆಯ ರಾಜ್ಯದಲ್ಲಿ ತೆರಿಗೆಯೇ ಇಲ್ಲದ ಮೇಲೆ ವಜಾ ಮಾಡಿಕೊಳ್ಳಲು ಏನೂ ಇರುವುದಿಲ್ಲ. ಬ್ಯಾಂಕಿನ ಬಡ್ಡಿಯಂಥ ಬೇರೆ ಆದಾಯ ಉಳಿಯಿತು ಅಷ್ಟೇ.

ಮನೆಯಿಂದಲೇ ಕೆಲಸ ಮಾಡಿದ ದಿನಗಳು

ಕೋವಿಡ್ ಬಂದ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಇದು. ವಾರಕ್ಕೆ ಮೂರು ದಿನ ಮ್ಯಾನ್‌ಹಟನ್, ಎರಡು ದಿನ ಎಡಿಸನ್ನಿನ ಊಟದ ಮೇಜು. ಆ ಎರಡು ದಿನದ ಸಂಬಳ ಜೆರ್ಸಿಯದಲ್ಲವೇ?

ಹೆಚ್ಚಿನ ರಾಜ್ಯಗಳಲ್ಲಿ ಹೌದು, ನೀವು ಕೂತು ದುಡಿದ ಜಾಗವೇ ಲೆಕ್ಕ. ನ್ಯೂಯಾರ್ಕ್ ಹಾಗೆ ಒಪ್ಪುವುದಿಲ್ಲ. ನಿಮ್ಮ ಕಚೇರಿ ನ್ಯೂಯಾರ್ಕಿನದು; ಮನೆಯಲ್ಲಿ ಕೂತದ್ದು ನಿಮ್ಮ ಅನುಕೂಲಕ್ಕಾದರೆ ಅದು ನ್ಯೂಯಾರ್ಕಿನ ದಿನವೇ. ಕಂಪನಿಯ ಅಗತ್ಯಕ್ಕೆ, ಅಂದರೆ ಆ ಕೆಲಸ ಅಲ್ಲಿಯೇ ಆಗಬೇಕಿತ್ತು ಎಂದು ತೋರಿಸಿದರೆ ಮಾತ್ರ ವಿನಾಯಿತಿ. ಮ್ಯಾನ್‌ಹಟನ್ನಿನಲ್ಲಿ ಕಾನೂನು ಪಾಠ ಹೇಳುತ್ತಾ, ಉಳಿದ ದಿನ ಕನೆಟಿಕಟ್‌ನ ಮನೆಯಲ್ಲಿ ಕೂತು ಬರೆಯುತ್ತಿದ್ದ ಪ್ರೊಫೆಸರ್ ಎಡ್ವರ್ಡ್ ಜೆಲಿನ್ಸ್ಕಿ ಇದನ್ನು ಪ್ರಶ್ನಿಸಿದರು. 2003ರಲ್ಲಿ ನ್ಯೂಯಾರ್ಕಿನ ಅತ್ಯುನ್ನತ ನ್ಯಾಯಾಲಯದಲ್ಲಿ ಸೋತರು. ತೆರಿಗೆಯನ್ನೇ ಪಾಠ ಮಾಡುವವರ ಗತಿ ಇದು.

ಜೆರ್ಸಿಯವರಿಗೆ ಇದರಿಂದ ದೊಡ್ಡ ನಷ್ಟವಿಲ್ಲ, ಆ ದಿನಗಳಿಗೆ ನ್ಯೂಯಾರ್ಕಿಗೆ ಕಟ್ಟಿದ್ದಕ್ಕೂ ಜೆರ್ಸಿ ಕ್ರೆಡಿಟ್ ಕೊಡುತ್ತದೆ. ನಷ್ಟ ಜೆರ್ಸಿಯ ಬೊಕ್ಕಸಕ್ಕೆ. ಅದಕ್ಕೇ ಆ ರಾಜ್ಯ 2023ರಲ್ಲಿ ಎರಡು ಕೆಲಸ ಮಾಡಿತು. ಇಂಥ ನಿಯಮ ಇಟ್ಟುಕೊಂಡ ರಾಜ್ಯದವರಿಗೆ ತಾನೂ ಅದೇ ನಿಯಮ ಹೇರುತ್ತೇನೆ ಅಂದಿತು. ಜೊತೆಗೆ ನ್ಯೂಯಾರ್ಕಿನ ಮೇಲೆ ದಾವೆ ಹೂಡಿ ಗೆದ್ದು ಬರುವ ತನ್ನ ನಿವಾಸಿಗೆ, ಅದರಿಂದ ತನಗೆ ಸಲ್ಲುವ ತೆರಿಗೆಯಲ್ಲಿ ಅರ್ಧ ಬಿಟ್ಟುಕೊಡುವುದಾಗಿ ಆಸೆ ತೋರಿಸಿತು! ನ್ಯೂಯಾರ್ಕ್ ಕಚೇರಿಯ ಕೆಲಸವನ್ನೇ ಹಿಡಿದುಕೊಂಡು ಫ್ಲಾರಿಡಾಕ್ಕೆ ಹೋಗಿ ಕೂತು, ಆಗಾಗ ಕಚೇರಿಗೆ ಬಂದುಹೋಗುವವರ ಸ್ಥಿತಿ ಇದಕ್ಕಿಂತ ಕಷ್ಟ. ಅವರಿಗೆ ನ್ಯೂಯಾರ್ಕಿನ ತೆರಿಗೆ ತಪ್ಪುವುದಿಲ್ಲ, ಕ್ರೆಡಿಟ್ ಕೊಡುವವರೂ ಇಲ್ಲ.

ಮೈಸೂರಿನ ಬಾಡಿಗೆ, ಎನ್‌ಆರ್‌ಇ ಬಡ್ಡಿ

ಮನೆಯ ರಾಜ್ಯ ಲೋಕದ ಎಲ್ಲ ಆದಾಯವನ್ನೂ ಕೇಳುತ್ತದೆ ಎಂದೆನಲ್ಲ, ಅದರಲ್ಲಿ ಮೈಸೂರಿನ ಮನೆಯ ಬಾಡಿಗೆಯೂ ಸೇರಿತು. ಭಾರತದಲ್ಲಿ ಕಟ್ಟಿದ ತೆರಿಗೆಗೆ ಫೆಡರಲ್ ರಿಟರ್ನಿನಲ್ಲಿ ಫಾರಂ 1116ರ ಮೂಲಕ ಕ್ರೆಡಿಟ್ ಸಿಗುತ್ತದೆ. ಅದೇ ಧೈರ್ಯದಲ್ಲಿ ರಾಜ್ಯದ ರಿಟರ್ನಿಗೆ ಬಂದರೆ ಬಾಗಿಲು ಮುಚ್ಚಿರುತ್ತದೆ. ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಪರದೇಶಕ್ಕೆ ಕಟ್ಟಿದ ತೆರಿಗೆಗೆ ಕ್ರೆಡಿಟ್ ಕೊಡುವುದಿಲ್ಲ. ನ್ಯೂಯಾರ್ಕ್ ಕೊಡುವುದು ಕೆನಡಾದ ಪ್ರಾಂತ್ಯಗಳ ತೆರಿಗೆಗೆ ಮಾತ್ರ. ಭಾರತದಲ್ಲಿ ತೆರಿಗೆಯಿಲ್ಲ ಎಂಬ ನೆಮ್ಮದಿಯಲ್ಲಿ ಇಟ್ಟ, ಅನಿವಾಸಿ ಭಾರತೀಯರಿಗೆಂದೇ ಇರುವ ಎನ್‌ಆರ್‌ಇ ಠೇವಣಿಯ ಬಡ್ಡಿಯೂ ಇಲ್ಲಿ ಆದಾಯವೇ. ಭಾರತ–ಅಮೆರಿಕ ತೆರಿಗೆ ಒಪ್ಪಂದವನ್ನು ನಂಬಿದವರೂ ತಿಳಿದಿರಲಿ, ಕ್ಯಾಲಿಫೋರ್ನಿಯಾ, ನ್ಯೂಜೆರ್ಸಿ, ಪೆನ್ಸಿಲ್ವೇನಿಯಾ ತಮ್ಮ ಲೆಕ್ಕದಲ್ಲಿ ಅದನ್ನು ಪರಿಗಣಿಸುವುದಿಲ್ಲ.

ನಡುವರ್ಷದಲ್ಲಿ ಗಂಟುಮೂಟೆ ಕಟ್ಟಿದರೆ

ಜುಲೈನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಬಿಟ್ಟು ಟೆಕ್ಸಾಸಿನ ಡಲ್ಲಾಸಿಗೆ ಹೋದಿರಿ ಅನ್ನಿ. ಅರ್ಧ ವರ್ಷ ಒಂದು ರಾಜ್ಯದ ನಿವಾಸಿ, ಅರ್ಧ ವರ್ಷ ಇನ್ನೊಂದರದು. ಇಂಥವರಿಗೆ ಪಾರ್ಟ್ ಇಯರ್ ರೆಸಿಡೆಂಟ್ ಎಂಬ ಬೇರೆ ಬಗೆ ಇದೆ, ಆದಾಯವನ್ನು ಹೊರಟ ದಿನಾಂಕದ ಈಚೆ ಆಚೆ ಹಂಚಿ ಬರೆಯಬೇಕು. ಸಾಫ್ಟ್‌ವೇರಿನವರಿಗೆ ಕಂಪನಿ ಕೊಡುವ ಷೇರುಗಳು, ಆರ್‌ಎಸ್‌ಯು ಎನ್ನುತ್ತಾರಲ್ಲ, ಅವು ಮಾತ್ರ ಈ ಗೆರೆಗೆ ಬಗ್ಗುವುದಿಲ್ಲ. ಡಲ್ಲಾಸಿಗೆ ಬಂದ ಮೇಲೆ ಕೈಗೆ ಸಿಕ್ಕ ಷೇರಾದರೂ, ಅದನ್ನು ಕೊಡುತ್ತೇವೆ ಎಂದ ದಿನದಿಂದ ಕೈಗೆ ಬಂದ ದಿನದವರೆಗೆ ಕ್ಯಾಲಿಫೋರ್ನಿಯಾದಲ್ಲಿ ಎಷ್ಟು ದಿನ ದುಡಿದಿರೋ ಅಷ್ಟು ಪಾಲು ಕ್ಯಾಲಿಫೋರ್ನಿಯಾದ್ದು.

ಎಲ್ಲಿ ಎಷ್ಟು ದಿನ ಇದ್ದಿರಿ ಎಂಬ ಪ್ರಶ್ನೆ ಹೀಗೆ ಮತ್ತೆ ಮತ್ತೆ ಬರುತ್ತದೆ. ಅದು ನೋಟಿಸಿನ ರೂಪದಲ್ಲಿ ಬರುವುದು ಸಾಮಾನ್ಯವಾಗಿ ರಿಟರ್ನ್ ಕೊಟ್ಟು ವರ್ಷವೋ ಎರಡು ವರ್ಷವೋ ಕಳೆದ ಮೇಲೆ. ಮಾರ್ಚ್ 14ರಂದು ಕಚೇರಿಯಲ್ಲಿದ್ದಿರಾ, ಮನೆಯಲ್ಲಿದ್ದಿರಾ ಎಂದು ಆಗ ಯಾರಿಗೆ ನೆನಪಿರುತ್ತದೆ? ರೈಲಿನ ಪಾಸು, ಕಚೇರಿಯ ಬಾಗಿಲಲ್ಲಿ ಕಾರ್ಡ್ ಉಜ್ಜಿದ ದಾಖಲೆ, ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಹಾಕಿದ ಗುರುತು, ಇವೇ ಆಗ ಸಾಕ್ಷಿ.